ಕುಡಿಯುವ ಕಾಲುವೆಗೇ ಕೊಳಚೆ ಸುರಿದ ನಗರ

ಈಜಿಪ್ಟಿನ ರಾಜಧಾನಿ ಕೈರೋದ ಹಳೆಯ ಭಾಗದಲ್ಲಿ ಪೋರ್ಟ್ ಸೈದ್ ಎಂಬ ಉದ್ದನೆಯ ರಸ್ತೆಯಿದೆ. ಸುತ್ತಲಿನ ಗಲ್ಲಿಗಳೆಲ್ಲ ಇಕ್ಕಟ್ಟು. ಈ ರಸ್ತೆ ಮಾತ್ರ ಅಗಲವಾಗಿ ನಗರವನ್ನು ಸೀಳಿಕೊಂಡು ಸಾಗುತ್ತದೆ. ಸುಮಾರು 125 ವರ್ಷಗಳ ಹಿಂದೆ ಅದು ರಸ್ತೆಯಾಗಿರಲಿಲ್ಲ, ಕಾಲುವೆಯಾಗಿತ್ತು. ಜನರು ಅದನ್ನು ಖಲೀಜ್ ಎಂದು ಕರೆಯುತ್ತಿದ್ದರು. ಒಂದು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಊರಿಗೆ ನೀರು ಕೊಟ್ಟ ಆ ಕಾಲುವೆ ಇಂದು ಮಣ್ಣಿನಡಿ ಇದೆ.

ಆರೋಗ್ಯದ ಪುಟದಲ್ಲಿ ಕಾಲುವೆಯ ಚರಿತ್ರೆ ಏಕೆ ಎಂದು ನೀವು ಕೇಳಬಹುದು. ಭೇದಿ, ಕಾಮಾಲೆ, ಟೈಫಾಯಿಡ್ ಎಂದು ಬರುವವರಿಗೆ ಔಷಧಿ ಕೊಡುವ ಮೊದಲು ನಾನು ಕೇಳುವ ಪ್ರಶ್ನೆ, "ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ?" ಎಂಬುದು. ಎರಡನೆಯ ಪ್ರಶ್ನೆ, "ನಿಮ್ಮ ಮನೆಯ ಕೊಳಚೆ ಎಲ್ಲಿಗೆ ಹೋಗುತ್ತದೆ?" ಎಂಬುದು. ಮೊದಲನೆಯದಕ್ಕೆ ಎಲ್ಲರೂ ಉತ್ತರಿಸುತ್ತಾರೆ. ಎರಡನೆಯದಕ್ಕೆ ಹೆಚ್ಚಿನವರು ತಡವರಿಸುತ್ತಾರೆ. ಕೈರೋ ತಡವರಿಸಿದ್ದೂ ಅಲ್ಲಿಯೇ.

ಹಸಿವು ನೀಗಿಸಲು ತೋಡಿದ ಕಾಲುವೆ

ಹಿಜರಿ 18ರಲ್ಲಿ (ಕ್ರಿ.ಶ. 639) ಮದೀನಾದಲ್ಲಿ ಭೀಕರ ಬರಗಾಲ ಬಂತು. ಮಳೆಯಿಲ್ಲದೆ ನೆಲ ಬೂದಿಯ ಬಣ್ಣಕ್ಕೆ ತಿರುಗಿತ್ತು. ಆ ವರ್ಷಕ್ಕೆ 'ಬೂದಿಯ ವರ್ಷ' ಎಂದೇ ಹೆಸರಾಯಿತು. ಇದಾದ ಕೆಲವೇ ವರ್ಷಗಳಲ್ಲಿ ಈಜಿಪ್ಟ್ ಮುಸ್ಲಿಮರ ಆಡಳಿತಕ್ಕೆ ಬಂದಾಗ, ಅಲ್ಲಿನ ಧಾನ್ಯವನ್ನು ಹಿಜಾಝ್‌ಗೆ ತಲುಪಿಸುವ ದಾರಿಯನ್ನು ಖಲೀಫಾ ಉಮರ್(ರ) ಹುಡುಕಿದರು. ನೈಲ್ ನದಿಯನ್ನು ಕೆಂಪು ಸಮುದ್ರಕ್ಕೆ ಜೋಡಿಸುವ ಒಂದು ಪುರಾತನ ಕಾಲುವೆ ಅಲ್ಲಿತ್ತು. ರೋಮನ್ ಚಕ್ರವರ್ತಿ ಟ್ರಾಜನ್ ಅದನ್ನು ಸರಿಪಡಿಸಿದ್ದನು, ನಂತರ ಹೂಳು ತುಂಬಿಕೊಂಡಿತ್ತು. ರಾಜ್ಯಪಾಲರಾಗಿದ್ದ ಅಮ್ರ್ ಇಬ್ನುಲ್ ಆಸ್(ರ) ಅದರ ಹೂಳೆತ್ತಿಸಿದರು. ಫುಸ್ತಾತ್ ಪಟ್ಟಣದಿಂದ ಇಂದಿನ ಸೂಯೆಝ್ ಬಳಿಯ ಕುಲ್ಝುಮ್ ಬಂದರಿನವರೆಗೆ ಧಾನ್ಯದ ದೋಣಿಗಳು ಸಾಗಿದವು. ಅದಕ್ಕೆ 'ಅಮೀರುಲ್ ಮೂಮಿನೀನರ ಕಾಲುವೆ' ಎಂಬ ಹೆಸರು ಬಂತು.

8ನೇ ಶತಮಾನದಲ್ಲಿ ಮದೀನಾದ ಬಂಡಾಯಗಾರರಿಗೆ ಧಾನ್ಯ ಹೋಗಬಾರದೆಂದು ಅಬ್ಬಾಸಿ ಖಲೀಫಾ ಮನ್ಸೂರ್ ಸಮುದ್ರದ ಕಡೆಯ ದಾರಿಯನ್ನು ಮುಚ್ಚಿಸಿದರು. ಆದರೆ ಊರಿನೊಳಗಿನ ಭಾಗ ಉಳಿಯಿತು. 969ರಲ್ಲಿ ಫಾತಿಮಿಗಳು ಕೈರೋ ನಗರವನ್ನು ಕಟ್ಟಿದ್ದು ಇದೇ ಕಾಲುವೆಯ ಪೂರ್ವ ದಿಕ್ಕಿನಲ್ಲಿ.

ವರ್ಷದಲ್ಲಿ ಕೆಲವೇ ತಿಂಗಳ ನೀರು

ಖಲೀಜ್ ವರ್ಷವಿಡೀ ಹರಿಯುತ್ತಿರಲಿಲ್ಲ. ಇಥಿಯೋಪಿಯಾದ ಬೆಟ್ಟಗಳಲ್ಲಿ ಮಳೆ ಸುರಿದಾಗ ನೈಲ್ ಉಕ್ಕುತ್ತಿತ್ತು. ರೌದಾ ದ್ವೀಪದಲ್ಲಿ 861ರಲ್ಲಿ ಕಟ್ಟಿದ ಕಲ್ಲಿನ ಅಳತೆಗಂಬದಲ್ಲಿ ನೀರು 16 ಮೊಳ ಏರಿತೆಂದರೆ ಆ ವರ್ಷ ಬೆಳೆಗೆ ಭಯವಿಲ್ಲವೆಂದು ಅರ್ಥ. ಆಗ ಕಾಲುವೆಯ ಬಾಯಿಗೆ ಕಟ್ಟಿದ ಮಣ್ಣಿನ ಒಡ್ಡನ್ನು ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಒಡೆಯುತ್ತಿದ್ದರು. ಊರಿಗೆ ಊರೇ ದಡದಲ್ಲಿ ನೆರೆಯುತ್ತಿತ್ತು. ನೀರು ನುಗ್ಗಿ ಬಂದು ನಗರದ ಕೆರೆಗಳನ್ನೂ ತೋಟಗಳನ್ನೂ ತುಂಬಿಸುತ್ತಿತ್ತು. 'ಸಖಾ' ಎಂದು ಕರೆಯಲಾಗುವ ನೀರು ಹೊರುವವರು ಚರ್ಮದ ಚೀಲಗಳಲ್ಲಿ ನೀರು ತುಂಬಿ ಮನೆಮನೆಗೆ ಹಾಕುತ್ತಿದ್ದರು. ದಾನಿಗಳು ದಾರಿಹೋಕರಿಗಾಗಿ 'ಸಬೀಲ್' ಎಂಬ ಅರವಟ್ಟಿಗೆಗಳನ್ನು ವಕ್ಫ್ ಮಾಡುತ್ತಿದ್ದರು. ಎಷ್ಟೋ ಸಬೀಲ್‌ಗಳಲ್ಲಿ ಕೆಳಗೆ ನೀರು, ಮೇಲಂತಸ್ತಿನಲ್ಲಿ ಮಕ್ಕಳ ಕುರ್‌ಆನ್ ಪಾಠಶಾಲೆ.

ಪ್ರವಾಹ ಇಳಿದ ಮೇಲಿನ ಚಿತ್ರ ಬೇರೆ. ಹರಿವು ನಿಲ್ಲುತ್ತಿತ್ತು. ಅಲ್ಲಲ್ಲಿ ಹೊಂಡ, ಕೆಸರು. ದಡದ ಮನೆಗಳ ಕೊಳಚೆ ಬಂದು ಸೇರುತ್ತಿದ್ದುದೂ ಅದೇ ಹೊಂಡಗಳಿಗೆ.

ಒಬ್ಬ ಹಕೀಮರ ಎಚ್ಚರಿಕೆ

11ನೇ ಶತಮಾನದಲ್ಲಿ ಈ ನಗರದಲ್ಲಿ ಅಲಿ ಇಬ್ನ್ ರಿದ್ವಾನ್ ಎಂಬ ವೈದ್ಯರಿದ್ದರು. ಬಡ ಕುಟುಂಬದಲ್ಲಿ ಹುಟ್ಟಿ, ಗುರುವಿಲ್ಲದೆ ಗ್ರಂಥಗಳಿಂದಲೇ ವೈದ್ಯಕೀಯ ಕಲಿತು, ಈಜಿಪ್ಟಿನ ಮುಖ್ಯ ವೈದ್ಯರ ಸ್ಥಾನಕ್ಕೇರಿದವರು. ಈಜಿಪ್ಟಿನಲ್ಲಿ ಕಾಯಿಲೆ ಬಾರದಂತೆ ದೇಹವನ್ನು ಕಾಪಾಡಿಕೊಳ್ಳುವುದು ಹೇಗೆಂದು ಒಂದು ಗ್ರಂಥವನ್ನೇ ಬರೆದರು.

ಯುನಾನಿ ಪದ್ಧತಿಯಲ್ಲಿ ಆರೋಗ್ಯಕ್ಕೆ ಆರು ಅಗತ್ಯ ಕಾರಣಗಳನ್ನು ಹೇಳುತ್ತೇವೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ. ಇಬ್ನ್ ರಿದ್ವಾನ್ ಇದೇ ಅಳತೆಗೋಲಿನಿಂದ ತಮ್ಮ ಊರನ್ನು ಅಳೆದರು. ಎತ್ತರದ ಮನೆಗಳ ನಡುವಿನ ಇಕ್ಕಟ್ಟಾದ ಓಣಿಗಳಲ್ಲಿ ಗಾಳಿ ಆಡುವುದಿಲ್ಲ, ಸತ್ತ ಬೆಕ್ಕು ನಾಯಿಗಳನ್ನು ಬೀದಿಗೆ ಎಸೆಯುತ್ತಾರೆ, ಪಾಯಿಖಾನೆಯ ಹೊಲಸನ್ನು ನೈಲ್‌ಗೆ ಬಿಟ್ಟು ಆ ನೀರನ್ನೇ ಕುಡಿಯುತ್ತಾರೆ ಎಂದು ನೇರವಾಗಿ ಬರೆದರು. ಕೈರೋದ ಬಾವಿಗಳಲ್ಲಿ ನೀರು ನೆಲಮಟ್ಟಕ್ಕೆ ಹತ್ತಿರವಿದೆ, ಮಣ್ಣು ಸಡಿಲವಾಗಿದೆ, ಆದ್ದರಿಂದ ಪಾಯಿಖಾನೆಗಳ ಹೊಲಸು ಬಾವಿಗೆ ಜಿನುಗುತ್ತದೆ ಎಂದೂ ಎಚ್ಚರಿಸಿದರು. ರೋಗಾಣುಗಳ ವಿಷಯ ತಿಳಿಯುವುದಕ್ಕೆ ಎಂಟು ಶತಮಾನ ಮೊದಲು ಒಬ್ಬ ಹಕೀಮ ಕಣ್ಣಿನಿಂದ, ಮೂಗಿನಿಂದ ಕಂಡುಕೊಂಡ ಸತ್ಯವಿದು.

ಊರು ಕೇಳಲಿಲ್ಲ. ನಿಂತ ನೀರಿನಲ್ಲಿ ಮೂತ್ರ ಮಾಡಬಾರದೆಂಬ ಪ್ರವಾದಿವರ್ಯರ(ಸ) ಆದೇಶ ಅವರಿಗೆ ತಿಳಿಯದ್ದೇನಲ್ಲ. ವುಝೂಗೆ ಶುದ್ಧ ನೀರು ಹುಡುಕುತ್ತಿದ್ದ ಜನರೇ ಅವರು. ಆದರೆ ತಮ್ಮ ಮನೆಯ ಮೋರಿಯೂ ಆ ಆದೇಶದ ವ್ಯಾಪ್ತಿಗೆ ಬರುತ್ತದೆ ಎಂದು ಯೋಚಿಸಲಿಲ್ಲ.

ಕಾಲುವೆಯ ಕೊನೆ

1831ರಲ್ಲಿ ಕಾಲರಾ ಈಜಿಪ್ಟಿಗೆ ನುಗ್ಗಿತು, ಮತ್ತೆ ಮತ್ತೆ ಬಂತು. 1883ರ ಕಾಲರಾ ಸಂದರ್ಭದಲ್ಲಿ ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ಅಲೆಕ್ಸಾಂಡ್ರಿಯಾಕ್ಕೆ ಬಂದು ಶೋಧ ಆರಂಭಿಸಿದರು. ಅದು ಪೂರ್ಣಗೊಂಡದ್ದು ನಮ್ಮ ಕಲ್ಕತ್ತಾದಲ್ಲಿ. 1884ರಲ್ಲಿ ಅಲ್ಲಿನ ಒಂದು ಕೆರೆಯ ನೀರಿನಲ್ಲಿ ಅವರು ಕಾಲರಾ ರೋಗಾಣುವನ್ನು ಕಂಡರು. ಆ ಕೆರೆಯ ನೀರನ್ನೇ ಜನರು ಕುಡಿಯುತ್ತಿದ್ದರು, ಅದರಲ್ಲೇ ಬಟ್ಟೆ ಒಗೆಯುತ್ತಿದ್ದರು.

ಅಷ್ಟರಲ್ಲಿ ಕೈರೋಗೆ ಕೊಳವೆ ನೀರು ಬಂದಿತ್ತು. ಅದರ ಕಂಪೆನಿ 1865ರಲ್ಲಿ ಸ್ಥಾಪನೆಯಾಗಿತ್ತು. ಖಲೀಜ್‌ನ ನೀರು ಬೇಡವಾಯಿತು, ನಾತ ಮಾತ್ರ ಉಳಿಯಿತು. 1890ರ ದಶಕದ ಕೊನೆಯಲ್ಲಿ ಅದನ್ನು ಮಣ್ಣು ಹಾಕಿ ಮುಚ್ಚಿದರು, ಮೇಲೆ ಟ್ರಾಮ್ ಹಳಿ ಹಾಕಿದರು. ಮುಚ್ಚಿದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಕೈರೋದ ಒಳಚರಂಡಿ ವ್ಯವಸ್ಥೆ ಆರಂಭವಾದದ್ದು 1915ರಲ್ಲಿ. ಅಲ್ಲಿಯವರೆಗೆ ಮನೆಗಳ ಕೊಳಚೆ ಇಂಗುಗುಂಡಿಗಳಲ್ಲಿ ನಿಂತು ನೆಲಕ್ಕೆ ಇಳಿಯುತ್ತಲೇ ಇತ್ತು. ಕೊಳಚೆ ಕಣ್ಣಿಗೆ ಬೀಳುವುದು ಕಡಿಮೆಯಾಯಿತು, ಅಷ್ಟೇ.

ನಮ್ಮ ಮನೆಯ ಮಾತು

ಇನ್ನು ನಿಮ್ಮ ಮನೆಯನ್ನು ನೋಡಿ. ಕುಡಿಯುವ ನೀರಿನ ಬಾವಿ ಅಥವಾ ಬೋರ್‌ವೆಲ್‌ಗೂ ಶೌಚ ಗುಂಡಿಗೂ ಕನಿಷ್ಠ 15 ಮೀಟರ್, ಅಂದರೆ ಸುಮಾರು 50 ಅಡಿ ಅಂತರವಿರಲಿ. ನೆರೆಮನೆಯವರ ಗುಂಡಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ; ನೆಲದಡಿಯ ನೀರಿಗೆ ಕಾಂಪೌಂಡ್ ಗೋಡೆಯಿಲ್ಲ.

ನೀರು ತಿಳಿಯಾಗಿದ್ದರೆ ಶುದ್ಧವೆಂದು ನಂಬಬೇಡಿ. ಹಳೆಯ ಕೈರೋದಲ್ಲಿ ಹೂಜಿಯ ಒಳಮೈಗೆ ಕಹಿ ಬಾದಾಮಿಯನ್ನು ಅರೆದು ಹಚ್ಚಿ ನೀರಿನ ಮಣ್ಣನ್ನು ಇಳಿಸುತ್ತಿದ್ದರು, ನಮ್ಮಲ್ಲಿ ಪಟಿಕ ಹಾಕುತ್ತಾರೆ. ಇವು ಕೆಸರನ್ನು ಇಳಿಸುತ್ತವೆ, ರೋಗಾಣುಗಳನ್ನು ನಿವಾರಿಸುತ್ತವೆ ಎಂದು ನೆಚ್ಚುವಂತಿಲ್ಲ. ನೀರು ಕೊತಕೊತ ಕುದಿಯಬೇಕು, ಕುದಿ ಬಂದ ಮೇಲೂ ಒಂದೆರಡು ನಿಮಿಷ ಒಲೆಯ ಮೇಲಿರಬೇಕು. ಆರಿದ ನೀರನ್ನು ಮುಚ್ಚಿಡಿ. ರಾತ್ರಿ ಪಾತ್ರೆಗಳನ್ನು ಮುಚ್ಚಿಡುವುದು ಪ್ರವಾದಿವರ್ಯರು(ಸ) ಕಲಿಸಿದ ಶಿಸ್ತು. ಕೊಡಕ್ಕೆ ಕೈ ಅದ್ದದೆ ಹಿಡಿಯಿರುವ ಸೌಟಿನಿಂದ ತೆಗೆಯಿರಿ. ಮಗುವಿಗೆ ಭೇದಿಯಾದರೆ ಓಆರ್‌ಎಸ್ ಕುಡಿಸುತ್ತಾ ವೈದ್ಯರ ಬಳಿ ಹೋಗಿ. ಮನೆಮದ್ದು ನೋಡೋಣವೆಂದು ಕಾಯಬೇಡಿ. ಹಕೀಮನಾಗಿ ಹೇಳುತ್ತಿದ್ದೇನೆ, ಒಣಗಿದ ಮಗುವಿಗೆ ಮೊದಲು ಬೇಕಾದದ್ದು ಉಪ್ಪು-ಸಕ್ಕರೆಯ ನೀರು.

ಕೊನೆಯದಾಗಿ ಒಂದು ಕೋರಿಕೆ. ಈ ಶುಕ್ರವಾರ ಜುಮಾ ನಮಾಝ್ ಮುಗಿಸಿ ಬರುವಾಗ, ನಿಮ್ಮ ಮನೆಯ ಮೋರಿ ಎಲ್ಲಿಗೆ ಹೋಗಿ ಸೇರುತ್ತದೆಂದು ಅದರ ಜೊತೆಗೇ ನಡೆದು ನೋಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಅದು ಯಾರದೋ ಬಾವಿಯ ಪಕ್ಕ, ಯಾವುದೋ ಕೆರೆಯ ದಡದಲ್ಲಿ ಕೊನೆಗೊಂಡರೆ, ಅಲ್ಲಿಂದ ನೀರು ಕುಡಿಯುವ ಮನೆಯವರ ಹಕ್ಕು ನಿಮ್ಮ ಮೇಲಿದೆ. ಅವರು ಯಾವ ಧರ್ಮದವರೇ ಆಗಿರಲಿ, ಆ ಹಕ್ಕಿನ ಬಗ್ಗೆ ನಾಳೆ ನಮ್ಮನ್ನು ಕೇಳಲಾಗುವುದು.