ಮೋಡದ ಮೇಲಿನ ಕಣ್ಣು, ತೋಟದೊಳಗಿನ ಹೆಜ್ಜೆ

ಮಳೆಗಾಲದಲ್ಲಿ ಪತ್ರಿಕೆಯ ಮಳೆ ವಿವರ ನೋಡುವವರಿಗೆ ಮಾಸ್ತಿಕಟ್ಟೆಯ ಹೆಸರು ಹೊಸದಲ್ಲ. ಹೊಸನಗರ ತಾಲ್ಲೂಕಿನ ಈ ಘಟ್ಟದಂಚಿನ ಊರು ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಕಾಣುವ ಸ್ಥಳಗಳಲ್ಲೊಂದು. ವಾರಾಹಿಯ ಮಾಣಿ ಜಲಾಶಯ ತುಂಬುವುದು ಈ ಮಳೆಯಿಂದಲೇ. ಅಡಿಕೆ ತೋಟದಲ್ಲಿ ಎಲೆಚುಕ್ಕೆ ರೋಗದ ಶಿಲೀಂಧ್ರ ಹರಡುವುದೂ ಈ ಮಳೆ, ಗಾಳಿಯಿಂದಲೇ. 2022ರಲ್ಲಿ ಹೊಸನಗರ, ತೀರ್ಥಹಳ್ಳಿ ಭಾಗದ ಬೆಳೆಗಾರರ ನಿದ್ದೆ ಕೆಡಿಸಿದ ರೋಗವಿದು. ಆಕಾಶದಿಂದಲೇ ತೋಟದ ಆರೋಗ್ಯ ತಿಳಿಯುವಂತಿದ್ದರೆ?

ಅಂಥ ವಿದ್ಯೆ ಇದೆ. ಅದೇ ದೂರಸಂವೇದನೆ. ನಮ್ಮ ದೇಶದಲ್ಲಿ ಅದು ಆರಂಭವಾದದ್ದೂ ಅಡಿಕೆಯ ಬಂಧುವಾದ ತೆಂಗಿನಿಂದ. 1970ರ ಸುಮಾರಿಗೆ ವಿಜ್ಞಾನಿ ಪಿ.ಆರ್. ಪಿಷಾರಟಿ ಮತ್ತು ಸಂಗಡಿಗರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ, ಅವಕೆಂಪು ಬೆಳಕನ್ನು ಗ್ರಹಿಸುವ ಫಿಲ್ಮಿನಲ್ಲಿ ಚಿತ್ರ ತೆಗೆದು, ಬೇರು ಸೊರಗು ರೋಗದ ಮರಗಳನ್ನು ಗುರುತಿಸಿದರು. 1988ರ ಮಾರ್ಚ್ 17ರಂದು ಭಾರತದ ಮೊದಲ ಪೂರ್ಣ ಪ್ರಮಾಣದ ಕಾರ್ಯಾಚರಣಾ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಕಕ್ಷೆಗೇರಿತು.

ಇದರ ಗುಟ್ಟು ಎಲೆಯಲ್ಲಿದೆ. ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಎಲೆಯ ಒಳರಚನೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಆರೋಗ್ಯವಂತ ಎಲೆ ಶೇ. 5ರಷ್ಟು ಕೆಂಪನ್ನೂ ಶೇ. 45ರಷ್ಟು ಅವಕೆಂಪನ್ನೂ ಪ್ರತಿಫಲಿಸುತ್ತದೆ ಎಂದಿಟ್ಟುಕೊಳ್ಳಿ. ಇವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ: 40ನ್ನು 50ರಿಂದ ಭಾಗಿಸಿದರೆ 0.8. ಸೊರಗಿದ ಎಲೆಯಲ್ಲಿ ಇದೇ ಲೆಕ್ಕ 10 ಮತ್ತು 30 ಆದರೆ ಉತ್ತರ 0.5. ಈ ಸಂಖ್ಯೆಗೆ ಸಸ್ಯ ಸೂಚ್ಯಂಕವೆಂದು ಹೆಸರು. ಪ್ರೌಢಶಾಲೆಯ ಗಣಿತವೇ ಸಾಕಲ್ಲವೇ?

ಆದರೆ ಮಾಸ್ತಿಕಟ್ಟೆಯಲ್ಲಿ ಇಷ್ಟು ಸಾಲದು. ಮೊದಲ ತೊಡಕು ಮೋಡ. ರೋಗ ಹರಡುವ ತಿಂಗಳುಗಳಲ್ಲೇ ಬೆಳಕನ್ನು ನಂಬಿದ ಉಪಗ್ರಹ ಕುರುಡಾಗುತ್ತದೆ. ಎರಡನೆಯದು ದಟ್ಟ ಹಸಿರು. ಒಂದು ಹಂತ ದಾಟಿದ ಮೇಲೆ ಕಾಡಾಗಲಿ ತೋಟವಾಗಲಿ ಸೂಚ್ಯಂಕ ಹೆಚ್ಚು ಏರದು. ಎಲ್ಲವೂ ಒಂದೇ ಹಸಿರು. ಮೂರನೆಯದು ಚಿತ್ರದ ಸೂಕ್ಷ್ಮತೆ. 2015ರಿಂದ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಉಚಿತವಾಗಿ ಒದಗಿಸುತ್ತಿರುವ ಚಿತ್ರಗಳಲ್ಲಿ ಒಂದು ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆಯಾದರೆ ಅದರೊಳಗೆ ಹದಿಮೂರು ಮರ! ಒಂದು ಮರದ ಕಾಯಿಲೆ ಹನ್ನೆರಡು ಮರಗಳ ಹಸಿರಿನಲ್ಲಿ ಮುಚ್ಚಿಹೋಗುತ್ತದೆ. ಸಾಲದ್ದಕ್ಕೆ ಚುಕ್ಕೆ ಮೊದಲು ಮೂಡುವುದು ಕೆಳಗಿನ ಸೋಗೆಯಲ್ಲಿ. ಉಪಗ್ರಹ ನೋಡುವುದು ಮೇಲಿನ ಸೋಗೆಯನ್ನು.

ಮುಂದುವರಿದ ತಂತ್ರಗಳು ಬೇಕಾಗುವುದು ಇಲ್ಲೇ. ಸೆಂಟಿನೆಲ್-2 ಕೆಂಪು ಮತ್ತು ಅವಕೆಂಪಿನ ನಡುವಣ ಅಂಚಿನ ಬೆಳಕನ್ನೂ ಅಳೆಯುವುದರಿಂದ ದಟ್ಟ ಹಸಿರಿನ ಒಳಭೇದ ಸ್ವಲ್ಪ ತಿಳಿಯುತ್ತದೆ. ಇಸ್ರೋ ಮತ್ತು ನಾಸಾ ಒಟ್ಟಾಗಿ 2025ರ ಜುಲೈ 30ರಂದು ಹಾರಿಸಿದ ನಿಸಾರ್ ಉಪಗ್ರಹದ ರೇಡಾರ್ ಮೋಡವನ್ನು ಭೇದಿಸಿ ನೋಡಬಲ್ಲದು. ಅದು ಅರಿಯುವುದು ಬಣ್ಣವನ್ನಲ್ಲ, ಸಸ್ಯದ ರಚನೆ ಮತ್ತು ತೇವವನ್ನು. ಡ್ರೋನ್ ಒಂದೊಂದೇ ಮರವನ್ನು ತೋರಿಸೀತು.

ಇಷ್ಟಾದರೂ ಚಿತ್ರದಲ್ಲಿ ಬಣ್ಣಗೆಟ್ಟ ಚೌಕ ರೋಗವೋ, ನೀರು ನಿಂತದ್ದೋ, ಗೊಬ್ಬರದ ಕೊರತೆಯೋ ಎಂದು ಹೇಳಬೇಕಾದವರು ಅಲ್ಲಿಗೆ ನಡೆದು ನೋಡಿದವರೇ. ನೆಲದ ಈ ಸಾಕ್ಷ್ಯವಿಲ್ಲದೆ ಕಂಪ್ಯೂಟರಿನ ತೀರ್ಪಿಗೆ ಬೆಲೆಯಿಲ್ಲ. ತೋಟದಲ್ಲಿ ಬೆಳೆದ ಹುಡುಗ ಹುಡುಗಿಯರಿಗೆ ಇಲ್ಲೊಂದು ಬಂಡವಾಳವಿದೆ. ಸೋಗೆ ನೋಡಿ ಮರದ ಸ್ಥಿತಿ ಹೇಳುವುದನ್ನು ಅವರು ಮನೆಯಲ್ಲೇ ಕಲಿತಿರುತ್ತಾರೆ.

ಇದನ್ನು ಓದಲು ದಾರಿ ಒಂದೇ ಅಲ್ಲ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರಗಳ ಜೊತೆ ಜೀವಶಾಸ್ತ್ರವನ್ನೂ ಬಿಡದಿದ್ದರೆ ಒಳ್ಳೆಯದು. ಕೃಷಿ, ಅರಣ್ಯ, ಭೂಗೋಳ, ಎಂಜಿನಿಯರಿಂಗ್ ಯಾವ ಪದವಿಯಿಂದಲೂ ಈ ಕ್ಷೇತ್ರಕ್ಕೆ ಬರಬಹುದು. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. 1966ರಲ್ಲಿ ಸ್ಥಾಪನೆಯಾದ ಡೆಹ್ರಾಡೂನಿನ ಭಾರತೀಯ ದೂರಸಂವೇದನಾ ಸಂಸ್ಥೆ ಉನ್ನತ ವ್ಯಾಸಂಗಕ್ಕೆ ಹೆಸರಾದದ್ದು. ಮನೆಯಲ್ಲಿ ಕುಳಿತೇ ಕಲಿಯುವ ಕೋರ್ಸುಗಳನ್ನೂ ನಡೆಸುತ್ತದೆ.

ಪಾಲಕರಿಗೆ ಒಂದು ಮಾತು. ಮಗ ಅಥವಾ ಮಗಳು ಕಂಪ್ಯೂಟರ್ ಕಲಿತರೆ ತೋಟಕ್ಕೆ ಎರವಾದಂತೆ ಎಂದು ಭಾವಿಸಬೇಡಿ. ರಜೆಯಲ್ಲಿ ಅವರನ್ನು ತೋಟಕ್ಕೆ ಕರೆದೊಯ್ಯಿರಿ. ಯಾವ ಮರದಲ್ಲಿ ಯಾವ ದಿನ ಚುಕ್ಕೆ ಕಂಡಿತೆಂದು ನೋಟ್‌ಬುಕ್ಕಿನಲ್ಲಿ ಬರೆಸಿರಿ. ಮುಂದೊಂದು ದಿನ ಉಪಗ್ರಹದ ಚಿತ್ರವನ್ನು ಪಕ್ಕದಲ್ಲಿಟ್ಟು ತಾಳೆ ನೋಡುವಾಗ, ಆ ಪುಟಗಳಷ್ಟು ಉಪಯುಕ್ತವಾದದ್ದು ಬೇರೊಂದಿರದು.