ತಾಳ ತಪ್ಪುವ ಹಳೆಯ ಗಣಕ

ನಲವತ್ತು ವರ್ಷ ಹಳೆಯ ಬಿಬಿಸಿ ಮೈಕ್ರೊ ಗಣಕವನ್ನು ಅಟ್ಟದಿಂದ ಇಳಿಸಿ, ದೂಳು ಒರೆಸಿ, ಪವರ್ ಸಪ್ಲೈ ಸರಿಪಡಿಸಿ ಚಾಲೂ ಮಾಡಿದರೆ ಎಷ್ಟೋ ಸಲ ಅದು 'ಬೀಪ್' ಎಂದು ಎದ್ದು ಕೂರುತ್ತದೆ. ತೊಂದರೆ ಶುರುವಾಗುವುದು ಅದಕ್ಕೆ ಹೊಸ ಅಂಗ ಜೋಡಿಸಿದಾಗ. ಫ್ಲಾಪಿಯ ಬದಲು ಮೆಮೊರಿ ಕಾರ್ಡು, ಹಳೆಯ ಪ್ರೊಸೆಸರಿನ ಜಾಗಕ್ಕೆ ಹೊಸದು. ಹತ್ತು ನಿಮಿಷ ಎಲ್ಲ ಸರಿ. ಹನ್ನೊಂದನೆಯ ನಿಮಿಷಕ್ಕೆ ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು. ಹೊಸ ಭಾಗವೇ ಕೆಟ್ಟಿರಬೇಕೆಂದು ಅದನ್ನು ಬದಲಿಸಿದರೆ ಮತ್ತೆ ಅದೇ ಕಥೆ. ಇಂಥ ಕಾಯಿಲೆಗಳಲ್ಲಿ ಅನೇಕದರ ಬೇರು ಗಣಕದ ಕ್ಲಾಕ್‌ನಲ್ಲಿರುತ್ತದೆ.

ಬ್ರಿಟನ್ನಿನ ಕೇಂಬ್ರಿಜ್‌ನ ಏಕಾರ್ನ್ ಸಂಸ್ಥೆ ಬಿಬಿಸಿಯ ಗಣಕ ಸಾಕ್ಷರತಾ ಯೋಜನೆಗಾಗಿ 1981ರ ಡಿಸೆಂಬರಿನಲ್ಲಿ ಹೊರತಂದ ಯಂತ್ರ ಇದು. ಭಾರತಕ್ಕೂ ಬಂದಿತ್ತು. 1984-85ರಲ್ಲಿ ಶಾಲೆಗಳಿಗಾಗಿ ಆರಂಭವಾದ 'ಕ್ಲಾಸ್' ಯೋಜನೆಯಲ್ಲಿ ಬಳಸಿದ್ದು ಇದನ್ನೇ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ 'ಯೂನಿಕಾರ್ನ್' ಎಂಬ ಹೆಸರಿನಲ್ಲಿ ಇದರ ಭಾರತೀಯ ರೂಪವನ್ನು ತಯಾರಿಸಿತು. ಮೇಲ್ಸಾಲಿನಲ್ಲಿ ಕೆಂಪು ಕೀಲಿಗಳಿದ್ದ ಆ ಕೆನೆಬಣ್ಣದ ಪೆಟ್ಟಿಗೆ ಅಂದು ವಿದ್ಯಾರ್ಥಿಗಳಾಗಿದ್ದ ಕೆಲವು ಓದುಗರಿಗೆ ನೆನಪಿದ್ದೀತು.

ಇಲ್ಲಿ ಕ್ಲಾಕ್ ಎಂದರೆ ಗಂಟೆ ತೋರಿಸುವ ಗಡಿಯಾರವಲ್ಲ, ತಾಳ. ಯಕ್ಷಗಾನದಲ್ಲಿ ಭಾಗವತರ ತಾಳಕ್ಕೆ ಚೆಂಡೆ, ಮದ್ದಳೆ, ಕುಣಿತ ಎಲ್ಲವೂ ಒಂದೇ ಘಾತದಲ್ಲಿ ಕೂಡಿಕೊಳ್ಳುತ್ತವಲ್ಲ, ಹಾಗೆ. ಬಿಬಿಸಿ ಮೈಕ್ರೊದಲ್ಲಿ ಒಂದು ಸ್ಫಟಿಕದ ಹರಳು ಸೆಕೆಂಡಿಗೆ 1.6 ಕೋಟಿ ಸಲ, ಅಂದರೆ 16 ಮೆಗಾಹರ್ಟ್ಝ್‌ನಲ್ಲಿ ಮಿಡಿಯುತ್ತದೆ. ಅದನ್ನು ಎರಡೆರಡಾಗಿ ಭಾಗಿಸುತ್ತ ಹೋದರೆ 8, 4, 2, 1 ಮೆಗಾಹರ್ಟ್ಝ್. 6502 ಪ್ರೊಸೆಸರಿಗೆ 2 ಮೆಗಾಹರ್ಟ್ಝ್; ಎಂದರೆ ಒಂದು ಆವರ್ತಕ್ಕೆ 500 ನ್ಯಾನೊಸೆಕೆಂಡ್. ಮೆಮೊರಿಯದು ಇದರ ಇಮ್ಮಡಿ ವೇಗ. ಒಂದೇ ಒರಳಿಗೆ ಇಬ್ಬರು ಹೆಂಗಸರು ಸರದಿಯಂತೆ ಒನಕೆ ಹಾಕುವ ಹಾಗೆ, ಒಂದು ಪೆಟ್ಟು ಪ್ರೊಸೆಸರಿನದು, ಮುಂದಿನದು ಪರದೆಯ ಚಿತ್ರ ಮೂಡಿಸುವ ಭಾಗದ್ದು. ಒಬ್ಬಳು ತುಸು ತಡೆದರೆ ಏನಾದೀತೆಂದು ಹೇಳಬೇಕಿಲ್ಲ.

ಹೊಸ ಭಾಗ ಬಂದಾಗ ತಾಳ ಕೆಡುವುದೇಕೆ? ಅದು ನಿಧಾನವೆಂದಲ್ಲ, ಹಲವು ಸಲ ಅತಿ ಚುರುಕಾದದ್ದೇ ಅದರ ದೋಷ. ಕ್ಲಾಕ್ ಸಿಗ್ನಲ್ ಸೊನ್ನೆಯಿಂದ ಮೇಲೇರಲು ಹಳೆಯ ಎಲ್‌ಎಸ್ ಜಾತಿಯ ಚಿಪ್ಪುಗಳಲ್ಲಿ ಹತ್ತು ನ್ಯಾನೊಸೆಕೆಂಡಿನಷ್ಟು ಹಿಡಿಯುತ್ತಿತ್ತು. ಇಂದಿನ ಚಿಪ್ಪುಗಳಿಗೆ ಒಂದೆರಡು ಸಾಕು. ಅರ್ಧ ಮೀಟರಿನ ರಿಬ್ಬನ್ ಕೇಬಲ್ಲಿನಲ್ಲಿ ಸಿಗ್ನಲ್ ಹೋಗಿ ಬರಲು ಸುಮಾರು ಐದು ನ್ಯಾನೊಸೆಕೆಂಡ್ ಬೇಕು. ಏರಿಕೆ ಇದಕ್ಕಿಂತ ಚುರುಕಾದರೆ ಸಿಗ್ನಲ್ ತುದಿಗೆ ಬಡಿದು ಮರಳುತ್ತದೆ. ಜೋರಾಗಿ ಹರಿಯುವ ನಲ್ಲಿಯನ್ನು ಥಟ್ಟನೆ ನಿಲ್ಲಿಸಿದಾಗ ಪೈಪು ಅದುರುವುದಿಲ್ಲವೆ, ಹಾಗೆ ತಂತಿಯಲ್ಲೂ ಅಲೆ ಏಳುತ್ತದೆ. ಒಂದು ಮಿಡಿತ ಎರಡಾಗಿ ಕಾಣುತ್ತದೆ. ಗಣಕ ಇಲ್ಲದ ಹೆಜ್ಜೆಯೊಂದನ್ನು ಇಡುತ್ತದೆ. ಸಿಗ್ನಲ್ ಹೊರಡುವ ಕಡೆಯಲ್ಲೇ ಸರಣಿಯಲ್ಲಿ 33ರಿಂದ 100 ಓಮ್‌ನ ಒಂದು ರೆಸಿಸ್ಟರ್ ಹಾಕಿದರೆ ಇದು ಅನೇಕ ವೇಳೆ ಶಮನವಾಗುತ್ತದೆ. ಕೇಬಲ್ ಕತ್ತರಿಸಿ ಗಿಡ್ಡ ಮಾಡುವುದು ಇನ್ನೂ ಅಗ್ಗ.

ಪ್ರೊಸೆಸರನ್ನೇ ಬದಲಿಸುವವರಿಗೆ ಬೇರೆ ಹೊಂಡಗಳಿವೆ. ವೆಸ್ಟರ್ನ್ ಡಿಸೈನ್ ಸೆಂಟರ್‌ನ ಹೊಸ 65ಸಿ02 ನೋಟಕ್ಕೆ ಹಳೆಯ 6502ರ ತಮ್ಮನಂತೆಯೇ ಇದ್ದು ಅದೇ ಸಾಕೆಟ್ಟಿನಲ್ಲಿ ಕೂರುತ್ತದೆ. ಆದರೆ ಹಳೆಯದರಲ್ಲಿ ಒಂದನೆಯ ಕಾಲು ನೆಲಕ್ಕೆ, ಎಂದರೆ ಸೊನ್ನೆ ವೋಲ್ಟಿಗೆ ಸೇರಿದ್ದು. ಹೊಸದರಲ್ಲಿ ಅದು ಸಿಗ್ನಲ್ ಹೊರಡಿಸುವ ಕಾಲು. ಹಾಗೇ ಒತ್ತಿ ಕೂರಿಸಿದರೆ ಅದು ಶಾರ್ಟ್ ಆದಂತೆ. ಇನ್ನೊಂದು ವಿಷಯ ಇದಕ್ಕಿಂತ ಸೂಕ್ಷ್ಮ. ಹಳೆಯ ಚಿಪ್ಪುಗಳಿಗೆ 2 ವೋಲ್ಟ್ ದಾಟಿದರೆ ಅದು 'ಒಂದು'. ಹೊಸದು 5 ವೋಲ್ಟಿನಲ್ಲಿ ದುಡಿಯುವಾಗ 3.5 ಬೇಕೆನ್ನುತ್ತದೆ. ಎಲ್‌ಎಸ್ ಚಿಪ್ಪು ಕೊಡುವುದು ಸಾಮಾನ್ಯವಾಗಿ ಅದರ ಆಸುಪಾಸು, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಬೆಳಿಗ್ಗೆ ಸರಿಯಿದ್ದ ಯಂತ್ರ ಮಧ್ಯಾಹ್ನ ಬಿಸಿಯೇರಿದಾಗ ತಪ್ಪುವುದಕ್ಕೆ ಇದೊಂದು ಕಾರಣ. ನಡುವಿನ ಚಿಪ್ಪಿಗೆ ಬದಲಾಗಿ ಎಚ್‌ಸಿಟಿ ಜಾತಿಯದನ್ನು ಹಾಕುವುದು ಪರಿಹಾರ. ಅದು ಎರಡು ವೋಲ್ಟನ್ನೂ ಒಪ್ಪಿಕೊಳ್ಳುತ್ತದೆ, ಪೂರ್ತಿ ಐದು ವೋಲ್ಟನ್ನೂ ಕೊಡುತ್ತದೆ.

ಇದನ್ನೆಲ್ಲ ಕಣ್ಣಾರೆ ನೋಡಲು ಆಸಿಲೋಸ್ಕೋಪ್ ಬೇಕು. ಅಲ್ಲೂ ಮೋಸವಿದೆ. ಅದರ ನೆಲದ ತಂತಿ ಉದ್ದವಿದ್ದರೆ ಇಲ್ಲದ ಅಲೆಗಳು ಪರದೆಯ ಮೇಲೆ ಕುಣಿಯುತ್ತವೆ. ಇದಕ್ಕೆ ವಿರುದ್ಧವಾಗಿ, ಅದರ ಮುಳ್ಳನ್ನು ತಂತಿಗೆ ತಾಗಿಸಿದೊಡನೆ ಗಣಕ ಗುಣವಾಗಿಬಿಡುವುದೂ ಉಂಟು, ವೈದ್ಯರನ್ನು ಕಂಡೊಡನೆ ಮಾಯವಾಗುವ ಹಲ್ಲುನೋವಿನಂತೆ! ಮುಳ್ಳಿನ ಅಲ್ಪ ಕೆಪಾಸಿಟನ್ಸ್ ಸೇರಿ ಸಿಗ್ನಲ್ಲಿನ ಏರಿಕೆ ತುಸು ಮಂದವಾಗುತ್ತದೆ, ಅಷ್ಟೆ. ಬಿಬಿಸಿ ಮೈಕ್ರೊದ ಮೊದಲ ಮಾದರಿಯೇ ಹೀಗಿತ್ತು. ಮಂಡಲದ ಒಂದು ಜಾಗದ ಮೇಲೆ ಬೆರಳಿಟ್ಟರೆ ನಡೆಯುತ್ತಿತ್ತು, ತೆಗೆದರೆ ಇಲ್ಲ. ವಿನ್ಯಾಸಕಾರ ಸ್ಟೀವ್ ಫರ್ಬರ್ ಮತ್ತು ಸಂಗಡಿಗರು ಕೊನೆಗೆ ಡೇಟಾ ಬಸ್ಸಿಗೆ ರೆಸಿಸ್ಟರುಗಳ ಒಂದು ಕಟ್ಟು ಜೋಡಿಸಿದರು. ಅದನ್ನು ಅವರು ಕರೆದದ್ದು 'ಎಂಜಿನಿಯರನ ಬೆರಳು' ಎಂದು. ಅದು ಏಕೆ ಬೇಕಾಯಿತೆಂದು ತಮಗೆ ತಿಳಿಯಲೇ ಇಲ್ಲವೆಂದು ಫರ್ಬರ್ ಮುಂದೆ ಹೇಳಿಕೊಂಡಿದ್ದಾರೆ. ಹೀಗೆ ಅಂಚಿನ ಮೇಲೆ ನಿಂತ ಯಂತ್ರಕ್ಕೆ ಇಂದು ನಾವು ಹೊಸ ಭಾಗ ಹಚ್ಚುತ್ತಿದ್ದೇವೆ ಎಂಬುದು ನೆನಪಿರಬೇಕು.

ಇನ್ನು 1 ಮೆಗಾಹರ್ಟ್ಝ್ ಬಸ್. (ಊರಿಗೆ ಹೋಗುವ ಬಸ್ಸಲ್ಲ, ತಂತಿಗಳ ಸಾಲು.) ಹಾರ್ಡ್ ಡಿಸ್ಕಿನಂಥವು ಸೇರುವುದು ಇಲ್ಲಿಗೆ. ಪ್ರೊಸೆಸರ್ ಇದರ ಇಮ್ಮಡಿ ವೇಗದಲ್ಲಿ ಓಡುವುದರಿಂದ, ಇಲ್ಲಿಯ ವಿಳಾಸ ಕರೆದಾಗ ಅದರ ಕ್ಲಾಕನ್ನು ಹಿಗ್ಗಿಸಿ ನಿಧಾನದ ತಾಳಕ್ಕೆ ಕಾಯಿಸಲಾಗುತ್ತದೆ. ಆದರೆ ಕರೆ ಬಂದದ್ದು ನಿಧಾನದ ತಾಳದ ನಡುವಿನಲ್ಲಾದರೆ, ಹೊರಗಿನ ಸಾಧನಕ್ಕೆ ಮೊದಲು ಅರ್ಧ ಕರೆ, ಆಮೇಲೆ ನಿಜವಾದ ಕರೆ ಕೇಳಿಸುತ್ತದೆ. ಬರಿಯ ಮೆಮೊರಿಯಾದರೆ ಎರಡು ಸಲ ಓದಿದರೂ ನಷ್ಟವಿಲ್ಲ. ಓದಿದೊಡನೆ ತನ್ನ ಗುರುತನ್ನು ಅಳಿಸಿಕೊಳ್ಳುವ ಸಾಧನಗಳಿವೆ. ಅವುಗಳಲ್ಲಿ ಮಾಹಿತಿ ಕಳೆದೇ ಹೋಗುತ್ತದೆ. ಹಾರ್ಡ್ ಡಿಸ್ಕಿನ ಕಡತವೊಂದರಲ್ಲಿ ಎಲ್ಲೋ ಒಂದು ಅಕ್ಷರ ತಪ್ಪಿದರೆ ಅದು ತಿಂಗಳುಗಟ್ಟಲೆ ಗೊತ್ತಾಗದು. ಪರದೆ ಕೆಡುವುದಕ್ಕಿಂತ ಇದು ಕೆಟ್ಟದ್ದು. ಏಕಾರ್ನ್ ಇದನ್ನು ಆಗಲೇ ಬಲ್ಲುದಾಗಿತ್ತು. ನಿಧಾನದ ತಾಳ ಕೆಳಗಿದ್ದಾಗ ಮಾತ್ರ ಕರೆಯನ್ನು ಒಳಬಿಡುವ ಪುಟ್ಟ ಶುದ್ಧೀಕರಣ ಮಂಡಲವನ್ನು ತನ್ನ ತಾಂತ್ರಿಕ ಟಿಪ್ಪಣಿಯಲ್ಲಿ ಕೊಟ್ಟಿತ್ತು. ಹೊಸ ಕಾರ್ಡಿನಲ್ಲಿ ಅದು ಇದೆಯೇ ಎಂಬುದನ್ನು ಮೊದಲು ಕೇಳಬೇಕು.

ಹುಡುಕಾಟಕ್ಕೂ ಒಂದು ಕ್ರಮವಿದೆ. ಹೊಸದನ್ನೆಲ್ಲ ಕಳಚಿ ಹಳೆಯ ಯಂತ್ರವನ್ನು ಒಂದು ಗಂಟೆ ಓಡಿಸುವುದು. ಭಾರ ಬಿದ್ದಾಗಲೂ ವಿದ್ಯುತ್ತು 4.75ರಿಂದ 5.25 ವೋಲ್ಟಿನೊಳಗೆ ನಿಲ್ಲುವುದೇ ಎಂದು ಪ್ರೊಸೆಸರಿನ ಕಾಲಿನಲ್ಲೇ ಅಳೆಯುವುದು. ಸಾಕೆಟ್ಟುಗಳನ್ನು ಶುಚಿಗೊಳಿಸುವುದು. ಕ್ಲಾಕಿಗೆ ಕೈಹಾಕುವುದು ಇಷ್ಟಾದ ಮೇಲೆ. ಅವಸರದಲ್ಲಿ ಬೆಸುಗೆ ಕಡ್ಡಿ ಹಿಡಿದವರು ಸುಡುವುದು ಹೆಚ್ಚಾಗಿ ವಿಡಿಯೊ ಯುಎಲ್‌ಎ ಬಳಿಯ ತಾಮ್ರದ ದಾರಿಗಳನ್ನು. ಕ್ಲಾಕನ್ನು ಭಾಗಿಸಿ ಹಂಚುವ ಚಿಪ್ಪು ಅದೇ. ಆ ಮೂಲ ಚಿಪ್ಪನ್ನು ಈಗ ಯಾರೂ ತಯಾರಿಸುವುದಿಲ್ಲ.