ಆಸ್ಪಿನ್‌ವಾಲ್ ಗೋದಾಮಿನಲ್ಲಿ ಮೈಸೂರಿನ ಬ್ರಹ್ಮಾಂಡ

ಎರ್ನಾಕುಲಂ ಜೆಟ್ಟಿಯಲ್ಲಿ ಬೋಟು ಹತ್ತಿ ಫೋರ್ಟ್ ಕೊಚ್ಚಿಯಲ್ಲಿ ಇಳಿದು ಒಂದಿಷ್ಟು ನಡೆದರೆ ಆಸ್ಪಿನ್‌ವಾಲ್ ಹೌಸ್. 1867ರಲ್ಲಿ ಜಾನ್ ಆಸ್ಪಿನ್‌ವಾಲ್ ಎಂಬ ಇಂಗ್ಲಿಷ್ ವರ್ತಕ ಶುರುಮಾಡಿದ ಕಂಪನಿಯ ಠಾಣ್ಯ ಇದು. ತೆಂಗಿನೆಣ್ಣೆ, ಮೆಣಸು, ಶುಂಠಿ, ಅರಿಸಿನ, ತೆಂಗಿನ ನಾರು ಎಲ್ಲವೂ ಇಲ್ಲಿಂದ ಹಡಗು ಹತ್ತಿದವು. ಮಂಗಳೂರಿನ ಕಡೆಯವರಿಗೆ ಹೆಸರು ಹೊಸದಲ್ಲ; ಇದೇ ಕಂಪನಿ ಅಲ್ಲಿ ಕಾಫಿ ಕ್ಯೂರಿಂಗ್ ನಡೆಸುತ್ತದೆ. ಕಡಲಿಗೆ ಮುಖಮಾಡಿದ ಹೆಂಚಿನ ಮಾಡುಗಳು, ಉಪ್ಪುಗಾಳಿಗೆ ಸುಣ್ಣ ಉದುರಿದ ಗೋಡೆಗಳು, ದೊಡ್ಡ ಅಂಗಳ.

2015ರ ಜನವರಿಯಲ್ಲಿ ನಾನು ಹೋದಾಗ ಇಲ್ಲಿ ಕೊಚ್ಚಿ–ಮುಜಿರಿಸ್ ಬಿನಾಲೆ ಎಂಬ ಕಲಾಪ್ರದರ್ಶನದ ಎರಡನೇ ಆವೃತ್ತಿ ನಡೆಯುತ್ತಿತ್ತು. ಹಿಂದಿನ ಡಿಸೆಂಬರ್ 12ಕ್ಕೆ ಬಾಗಿಲು ತೆರೆದದ್ದು ಒಟ್ಟು 108 ದಿನ ಇತ್ತು. 30 ದೇಶಗಳ 94 ಕಲಾವಿದರು, ಎಂಟು ಜಾಗ. ಕ್ಯುರೇಟರ್ ಮುಂಬಯಿಯ ಕಲಾವಿದ ಜಿತೀಶ್ ಕಲ್ಲಾಟ್. ಎಲ್ಲರನ್ನೂ ಒಂದೇ ಸೂರಿನಡಿ ತರಲು ಅವರು ಹಿಡಿದ ವಸ್ತುವಿಗೆ ಎರಡು ಎಳೆ. ಒಂದು, ಮೆಣಸಿನ ಆಸೆಗೆ ಪೋರ್ಚುಗೀಸರು ಈ ತೀರಕ್ಕೆ ಬಂದ ಕಾಲ. ಇನ್ನೊಂದು, ಹೆಚ್ಚುಕಡಿಮೆ ಅದೇ ಶತಮಾನಗಳಲ್ಲಿ ಕೇರಳದಲ್ಲಿ ಬೆಳೆದ ಸಂಗಮಗ್ರಾಮದ ಮಾಧವನ ಪರಂಪರೆಯ ಗಣಿತ ಮತ್ತು ಖಗೋಳಶಾಸ್ತ್ರ. ಒಬ್ಬರು ಕಡಲು ಅಳೆಯುತ್ತಿದ್ದಾಗ ಇನ್ನೊಬ್ಬರು ಆಕಾಶ ಅಳೆಯುತ್ತಿದ್ದರು.

ವಸ್ತು ಕೊಟ್ಟು ಕರೆಯುವ ಗುಂಪು ಪ್ರದರ್ಶನಗಳೆಂದರೆ ನನಗೆ ಮೊದಲಿನಿಂದಲೂ ಒಂದು ಗುಮಾನಿ. ‘ನೀರು’, ‘ನೆನಪು’, ‘ನಗರ’ ಅಂತ ಮೊದಲೇ ಗೊತ್ತುಮಾಡಿಬಿಟ್ಟರೆ ಚಿತ್ರಗಳು ಶಾಲೆಯ ಪ್ರಬಂಧ ಸ್ಪರ್ಧೆಯ ಬರಹಗಳಂತಾಗುತ್ತವೆ. ಅಂಕ ಬರುತ್ತದೆ, ಜೀವ ಇರುವುದಿಲ್ಲ. ಅದೇ ಗುಮಾನಿ ಇಟ್ಟುಕೊಂಡೇ ಒಳಗೆ ಬಂದೆ.

ಅಲ್ಲಿ ‘ಪವರ್ಸ್ ಆಫ್ ಟೆನ್’ ಓಡುತ್ತಿತ್ತು. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1977ರಲ್ಲಿ ಮಾಡಿದ ಪುಟ್ಟ ಸಿನಿಮಾ. ಷಿಕಾಗೊದ ಪಾರ್ಕಿನಲ್ಲಿ ಚಾಪೆ ಹಾಸಿ ಅಡ್ಡಾದ ಇಬ್ಬರಿಂದ ಶುರುವಾಗಿ, ಹತ್ತು ಸೆಕೆಂಡಿಗೊಮ್ಮೆ ಹತ್ತುಪಟ್ಟು ಹಿಂದೆ ಸರಿಯುತ್ತಾ ಕ್ಯಾಮೆರಾ ಗೆಲಾಕ್ಸಿಗಳಾಚೆಗೆ ಹೋಗುತ್ತದೆ. ಆಮೇಲೆ ಅಷ್ಟೇ ಶ್ರದ್ಧೆಯಿಂದ ವಾಪಸು ಬಂದು ಕೈಯ ಚರ್ಮದೊಳಗೆ, ಪರಮಾಣುವಿನವರೆಗೆ ಇಳಿಯುತ್ತದೆ. ಕೊಚ್ಚಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಆದರೂ ಇದನ್ನು ನೋಡಿದ ಕಣ್ಣಿನಲ್ಲೇ ಮೈಸೂರಿನ ಕಲಾವಿದ ಎನ್.ಎಸ್. ಹರ್ಷ ಅವರ ಚಿತ್ರದ ಮುಂದೆ ನಿಲ್ಲಬೇಕಿತ್ತು.

ಚಿತ್ರದ ಎತ್ತರ 12 ಅಡಿ, ಉದ್ದ 79 ಅಡಿ. ದೂರದಿಂದ ಕಾಣುವುದು ಒಂದೇ ಒಂದು ಕಪ್ಪು ಗೀಟು. ದೈತ್ಯನೊಬ್ಬ ಕುಂಚ ಅದ್ದಿ ಒಂದೇ ಉಸಿರಿಗೆ ಎಳೆದಂತೆ ಅದು ಸುತ್ತಿ, ಗಂಟಾಗಿ, ಬಿಚ್ಚಿ, ತನ್ನನ್ನೇ ಬಂದು ಸೇರುತ್ತದೆ. ಹತ್ತಿರ ಹೋದರೆ ಆ ಕಪ್ಪಿನೊಳಗೆಲ್ಲ ನಕ್ಷತ್ರ, ಗ್ರಹ, ಧೂಳುಮೋಡ. ಒಂದೊಂದನ್ನೂ ಕೂತು ಬಿಡಿಸಿದ್ದಾರೆ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಕನ್ನಡದಲ್ಲೇ “ಅಮ್ಮಾ, ಇದರ ತುದಿ ಎಲ್ಲಿ?” ಎಂದಳು. ಅಮ್ಮ ಬೆರಳಲ್ಲೇ ಗೀಟನ್ನು ಹಿಂಬಾಲಿಸುತ್ತಾ ಆ ತುದಿಗೆ ಹೋಗಿ ಮತ್ತೆ ಮಗಳ ಹತ್ತಿರವೇ ಬಂದರು. ಈ ಚಿತ್ರವನ್ನು ನೋಡುವ ಸರಿಯಾದ ಕ್ರಮವೇ ಅದು: ನಡೆಯಬೇಕು.

‘ಪುನರಪಿ ಜನನಂ ಪುನರಪಿ ಮರಣಂ’ ಎಂಬ ಈ ಚಿತ್ರದ ಹೆಸರು ‘ಭಜಗೋವಿಂದಂ’ನಿಂದ ಬಂದದ್ದು. ಅದರ ಕರ್ತೃವೆಂದು ಪರಂಪರೆ ಹೇಳುವ ಶಂಕರರ ಕಾಲಡಿ ಇಲ್ಲಿಂದ ದೂರವೇನಲ್ಲ. ಇಲ್ಲಿಯ ಮಾತು ಮೈಸೂರಿಗೆ ಹೋಗಿ ಬಣ್ಣವಾಗಿ ಮರಳಿದೆ. ಇಷ್ಟಾಗಿಯೂ ಹರ್ಷ ಇದನ್ನು ಈ ಬಿನಾಲೆಗೆಂದು ಬರೆದವರಲ್ಲ, ಚಿತ್ರ 2013ರದು. ವಸ್ತುವಿಗೆ ಚಿತ್ರ ಬಗ್ಗಿಲ್ಲ, ವಸ್ತುವೇ ಚಿತ್ರವನ್ನು ಹುಡುಕಿಕೊಂಡು ಬಂದಿದೆ.

ಮೈಸೂರಿನ ಕಾವಾ ಕಲಾಶಾಲೆಯಲ್ಲಿ, ಆಮೇಲೆ ಬರೋಡದಲ್ಲಿ ಕಲಿತ ಹರ್ಷ ಇಂಥ ಕರೆಗಳಿಗೆ ಹೊಸಬರಲ್ಲ. 2006ರಲ್ಲಿ ನಡೆದ ಮೊದಲ ಸಿಂಗಪುರ ಬಿನಾಲೆಯ ವಸ್ತು ‘ನಂಬಿಕೆ’. ಬೇರೆ ಯಾರಾದರೂ ದೇವರ ಬಗ್ಗೆ ಭಾಷಣ ಬಿಗಿಯುತ್ತಿದ್ದರೇನೋ! ಇವರು ವಾಟರ್ಲೂ ಸ್ಟ್ರೀಟಿನ ಶ್ರೀಕೃಷ್ಣ ದೇವಸ್ಥಾನದ ಛಾವಣಿಯಲ್ಲಿ ಮಲಗಿ ನಿದ್ದೆಹೋದ ಜನರನ್ನು ಬಿಡಿಸಿದರು. ಕೈಮುಗಿದು ತಲೆಯೆತ್ತಿದ ಭಕ್ತರಿಗೆ ಕಂಡದ್ದು ತಮ್ಮಂಥವರೇ. ಕೊಟ್ಟ ಪದವನ್ನು ವಿವರಿಸದೆ ಅದರ ಪಕ್ಕದಲ್ಲಿ ಸುಮ್ಮನೆ ಜಾಗ ಮಾಡಿಕೊಳ್ಳುವ ಈ ಜಾಣತನ ಎಲ್ಲರಿಗೂ ಬರುವುದಿಲ್ಲ.

ಕೊಚ್ಚಿಯ ಇದೇ ಬಿನಾಲೆಯಲ್ಲಿದ್ದ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರ ದಾರಿ ಬೇರೆ. ಜಾಮೊರಿನ್ ದೊರೆಯ ಮುಂದೆ ವಾಸ್ಕೋ ಡ ಗಾಮ ನಿಂತ ದೃಶ್ಯವನ್ನು ಪೋರ್ಚುಗೀಸ್ ಚಿತ್ರಕಾರ ವೆಲೊಜೊ ಸಲ್ಗಾದೊ 1898ರಲ್ಲಿ, ಆ ಯಾನಕ್ಕೆ ನಾಲ್ಕುನೂರು ವರ್ಷ ತುಂಬಿದಾಗ, ಬರೆದಿದ್ದ. ಪುಷ್ಪಮಾಲಾ ಆ ಚಿತ್ರವನ್ನೇ ವೇಷಕಟ್ಟಿ ಆಡಿಸಿ ಫೋಟೊ ತೆಗೆಸಿದ್ದಾರೆ. ಗಾಮನ ಪಾತ್ರ ಅವರದೇ. ಕಂಪನಿ ನಾಟಕ ಕಂಡವರಿಗೆ ಈ ಠೀವಿ ಚೆನ್ನಾಗಿ ಗೊತ್ತು. ವಸ್ತುವಿಗೆ ಇಷ್ಟು ನೇರ ಉತ್ತರ ಕೊಟ್ಟರೂ ಕೃತಿ ಸೊರಗಿಲ್ಲ, ಯಾಕೆಂದರೆ ಹಳೆಯ ಚಿತ್ರಗಳೊಳಗೆ ಹೊಕ್ಕು ಅವುಗಳ ಗತ್ತು ಬಯಲುಮಾಡುವ ಕೆಲಸವನ್ನು ಅವರು ಎಷ್ಟೋ ವರ್ಷಗಳಿಂದ ಮಾಡುತ್ತಿದ್ದಾರೆ.

ಕಡಲ ಬದಿಯ ಕೋಣೆಯಲ್ಲಿ ಅನೀಶ್ ಕಪೂರ್ ಅವರ ‘ಡಿಸೆನ್ಶನ್’: ನೆಲದ ಗುಂಡಿಯಲ್ಲಿ ಕಪ್ಪುನೀರು ಭೋರ್ಗರೆದು ಸುತ್ತುತ್ತಾ ತಳಕ್ಕಿಳಿಯುತ್ತಿತ್ತು. ಜನ ಮುಗಿಬಿದ್ದಿದ್ದರು, ಸೆಲ್ಫಿ ಭರಾಟೆ ಜೋರಾಗಿತ್ತು. ಕೃತಿ ಭಯ ಹುಟ್ಟಿಸಿದ್ದು ನಿಜ. ಆದರೆ ಪಕ್ಕದ ಗೋಡೆಬರಹಗಳಲ್ಲಿ ಮತ್ತೆಮತ್ತೆ ಬರುವ ಸುಳಿ, ಯಾನ, ಕಾಲಗಳ ಉದ್ದುದ್ದ ವಾಕ್ಯಗಳನ್ನು ಓದಿ ನನಗೆ ಸಾಕಾಯಿತು. ಅವನ್ನು ಬಿಟ್ಟೇ ನೋಡಬೇಕಿತ್ತು.

ಅಲ್ಲಿಂದ ಬಿನಾಲೆಯ ಇನ್ನೊಂದು ಜಾಗವಾಗಿದ್ದ ಪೆಪ್ಪರ್ ಹೌಸ್‌ಗೆ ನಡೆದೇ ಹೋಗಬಹುದು. ಅಲ್ಲಿ ಗಿಗಿ ಸ್ಕಾರಿಯಾ ಅವರ ಉಕ್ಕಿನ ದೊಡ್ಡ ಗಂಟೆ ಇತ್ತು, ಮೈಯ ತೂತುಗಳಿಂದೆಲ್ಲ ನೀರು ಚಿಮ್ಮುತ್ತಿತ್ತು. ಅದನ್ನು ಮೇಲೆತ್ತಿ ನಿಲ್ಲಿಸಿದವರು ಹಡಗು ಎಳೆಯುವುದರಲ್ಲಿ ಪಳಗಿದ ಮಲಬಾರಿನ ಖಲಾಸಿಗಳು. ಬಿನಾಲೆ ಮಾರ್ಚ್ 29ರವರೆಗೆ ಇತ್ತು. ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುವ ಹಟ ಸಲ್ಲುತ್ತಿರಲಿಲ್ಲ. ಹರ್ಷ ಅವರ ಚಿತ್ರಕ್ಕೆ ಮಾತ್ರ ಬೆಳಿಗ್ಗೆಯೇ ಹೋಗಬೇಕಿತ್ತು. ಜನ ತುಂಬಿದ ಮೇಲೆ 79 ಅಡಿ ನಡೆಯಲು ಜಾಗ ಸಿಗುತ್ತಿರಲಿಲ್ಲ.